ಪರದೇಶಿಯ ಗೂಡು

“ಯಾವ ಮುಂಡೇದು ಈ ಒಳಲಂಗ? ದೊಡ್ಡ ಮನುಷ್ಯರು ಊಟಕ್ಕೆ ಬರೋ ಹೊತ್ತಲ್ಲಿ ನಿಮ್ಮ ಚಿಂದಿನ ನನ್ನ ಮನೇಲಿ ಮೆರೆಸ್ತೀರಾ?”

ಧಣಿಯ ಹೆಂಡತಿ ಗಾಜಿನ ಪೆಟ್ಟಿಗೆಯ ಚಿಲಕಕ್ಕೆ ಕಟ್ಟಿದ್ದ ಕೆಂಪು ಚಿಂದಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದಿದ್ದಳು. ಆ ಚಿಂದಿ ಹರಿದ ಒಳಲಂಗ ನನ್ನದೇ. ಮುಂಡೆಯೂ ನಾನೇ, ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿಕೊಂಡವಳು. ಆಕೆ ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಚಿಂದಿಯ ಕಥೆ ಇಷ್ಟೇ. ಧಣಿಗೆ ಹಾವಿನ ಹುಚ್ಚು. ಬಂಗಲೆಯ ಹಿಂಭಾಗದಲ್ಲಿ ಹಿಂದೆ ಕಾರು ನಿಲ್ಲಿಸುತ್ತಿದ್ದ ಕೋಣೆಯ ಮೂರು ಗೋಡೆಗೂ ಗಾಜಿನ ಪೆಟ್ಟಿಗೆ ಕೂರಿಸಿ, ದೀಪ ಹಾಕಿಸಿ, ಕಚ್ಚಿದರೆ ಸಾಯುವಂಥ ಹಾವುಗಳನ್ನೇ ಆರಿಸಿ ತುಂಬಿದ್ದ. ವಿಷವಿಲ್ಲದ ಹಾವು ಅವನ ಲೆಕ್ಕದಲ್ಲಿ ಹಗ್ಗಕ್ಕೆ ಸಮ. ಪ್ರತಿ ಪೆಟ್ಟಿಗೆಯೊಳಗೂ ಹಾವು ಅಡಗಿಕೊಳ್ಳಲು ಒಂದು ಮರದ ಗೂಡು ಇರುತ್ತಿತ್ತು. ಹಗಲಲ್ಲಿ ಅವು ಗೂಡು ಬಿಟ್ಟು ಬರುವುದು ಕಡಿಮೆ, ಹಾಗಾಗಿ ಹೊರಗೆ ನಿಂತು ನೋಡುವವರಿಗೆ ಎಲ್ಲ ಪೆಟ್ಟಿಗೆಯೂ ಖಾಲಿಯೇ. ಕೆಳಗೆ ಹಾವಿನ ಹೆಸರು ಕೊರೆದ ಹಿತ್ತಾಳೆ ಫಲಕಗಳಿದ್ದವು, ಅವು ಬಂದವರಿಗೆ ತೋರಿಸಲಿಕ್ಕೆ. ಧಣಿ ಮಾತ್ರ ಮನಸ್ಸಿಗೆ ಬಂದಾಗ, ಗೆಳೆಯರು ಬಂದಾಗ, ಕುಡಿದಾಗ, ಇಲ್ಲಿದ್ದ ಹಾವನ್ನು ಅಲ್ಲಿಗೆ, ಅಲ್ಲಿದ್ದದ್ದನ್ನು ಇಲ್ಲಿಗೆ ಬದಲಾಯಿಸುತ್ತಲೇ ಇರುತ್ತಿದ್ದ. ಮರುದಿನ ತೊಳೆಯಲು ಕೈ ಹಾಕಬೇಕಾದವನು ನನ್ನ ಅಣ್ಣ. ಅದಕ್ಕೇ ಅಣ್ಣ ಕೈಮುಗಿದು ಒಂದು ಕಟ್ಟಳೆ ಬೇಡಿಕೊಂಡಿದ್ದ. ಯಾವ ಪೆಟ್ಟಿಗೆಗೆ ಹಾವು ಬಿಟ್ಟರೂ ಅದರ ಚಿಲಕಕ್ಕೆ ಕೆಂಪು ಚಿಂದಿ ಕಟ್ಟಬೇಕು; ಚಿಂದಿ ಇಲ್ಲದ್ದು ಖಾಲಿ. ನಮ್ಮ ಮಾತುಗಳಲ್ಲಿ ಧಣಿ ಪಾಲಿಸುತ್ತಿದ್ದುದು ಇದೊಂದನ್ನೇ. ಅವನದೂ ಚರ್ಮವೇ ತಾನೆ.

ನಾನು ಹಾವಿನ ಕೋಣೆಯೊಳಗೆ ಕಾಲಿಡುವವಳಲ್ಲ. ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ಹಾವುಗಳ ಊಟಕ್ಕೆಂದು ಬಿಳಿ ಇಲಿ ಸಾಕುತ್ತೇನೆ. ಹೊಟ್ಟು ಬದಲಾಯಿಸುವುದು, ನೀರು ಹಾಕುವುದು, ಮರಿ ಎಣಿಸುವುದು, ಬಕೆಟ್ಟಿನಲ್ಲಿ ತಂದು ಹೊಸ್ತಿಲಲ್ಲಿ ಇಟ್ಟು ಓಡುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಇಲಿಯಮ್ಮ ಎನ್ನುತ್ತಾರೆ. ಎಷ್ಟು ಸೋಪು ಉಜ್ಜಿದರೂ ಮೈಯಿಂದ ಆ ವಾಸನೆ ಹೋಗುವುದಿಲ್ಲ. ಅಣ್ಣ, ಅತ್ತಿಗೆ, ನಾನು ಮಲಗುವುದು ಅದೇ ಕೊಟ್ಟಿಗೆಯ ಇನ್ನೊಂದು ಅರ್ಧದಲ್ಲಿ. ನನ್ನ ತಲೆದಿಂಬಿನ ಆ ಕಡೆಗೆ ಇಟ್ಟಿಗೆ ಗೋಡೆ, ಗೋಡೆಯ ಆ ಕಡೆಗೆ ಹಾವು. ಹೆದರಿಕೆ ಎಂದರೆ ಏನು ಎಂದು ನನ್ನನ್ನು ಕೇಳಬೇಕು. ಕಂಬಳಿ ಕೊಡವದೆ ನಾನು ಎಂದೂ ಮಲಗಿದವಳಲ್ಲ, ಚಪ್ಪಲಿ ಬಡಿಯದೆ ಕಾಲಿಗೆ ಹಾಕಿಕೊಂಡವಳಲ್ಲ. ಒಮ್ಮೆ ಅಣ್ಣ ತಮಾಷೆಗೆ ಒಣಗಿದ ಪೊರೆಯೊಂದನ್ನು ನನ್ನ ಮುಂದೆ ಎಸೆದಾಗ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ. ಅದನ್ನು ಡ್ರೈವರು ನೋಡಿ ಧಣಿಗೆ ಹೇಳಿ, ಧಣಿ ತನ್ನ ಗೆಳೆಯರಿಗೆ ಹೇಳಿ, ಬಂಗಲೆಗೆಲ್ಲ ವರ್ಷವಿಡೀ ನಗುವುದಕ್ಕೆ ಆಯಿತು.

ಅವತ್ತು ಬಕೆಟ್ಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಗಲೇ ಅಮ್ಮಾವರ ಕೈಗೆ ಆ ಚಿಂದಿ ಸಿಕ್ಕಿದ್ದು. ಒಳಗೆ ಗಾಜು ಒರೆಸುತ್ತಿದ್ದ ಅತ್ತಿಗೆಯ ಮುಖ ಬಿಳಿಚಿಕೊಂಡಿತು. ನಡುಗೋಡೆಯ ದೊಡ್ಡ ಪೆಟ್ಟಿಗೆ ಅದು. ಅದರಲ್ಲಿದ್ದ ಹಾವು ಸತ್ತು ವಾರವಾಗಿತ್ತು, ಅಂದಿನಿಂದ ಖಾಲಿ ಇತ್ತು. ಈಗ ಚಿಂದಿ ಇದೆ ಎಂದರೆ ಬೆಳಿಗ್ಗೆ ಧಣಿ ಅಲ್ಲಿಗೆ ಯಾವುದನ್ನೋ ಬಿಟ್ಟಿದ್ದಾನೆ. ಬಂದವರಿಗೆ ತೋರಿಸುವ ಹಾವು ಯಾವುದೆಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಪರದೇಶಿ ಎಂದು ನಾವೇ ಅದಕ್ಕೆ ಹೆಸರಿಟ್ಟಿದ್ದೆವು. ಎಲ್ಲೋ ಸಮುದ್ರದಾಚೆಯ ಹಾವು. ದೀಪದ ಬಿಡಿಭಾಗ ಎಂದು ಬರೆದ ರಟ್ಟಿನ ಡಬ್ಬಿಯಲ್ಲಿ, ಕಾಲುಚೀಲದೊಳಗೆ ಗಂಟು ಹಾಕಿಸಿಕೊಂಡು ಬಂದಿತ್ತು. ಮಾರುದ್ದ, ಬೂದಿ ಬಣ್ಣ, ಬಾಯಿ ತೆರೆದರೆ ಒಳಗೆಲ್ಲ ಮಸಿ. ಬೇರೆ ಹಾವುಗಳಿಗೆ ಹೆದರಿಸಿ ಓಡಿಸುವ ಬುದ್ಧಿಯಾದರೂ ಇರುತ್ತದೆ, ಬುಸುಗುಡುತ್ತವೆ, ಹೆಡೆ ಎತ್ತುತ್ತವೆ. ಇದು ನೇರ ಮೇಲೆಯೇ ಬರುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಅದರ ಬೆನ್ನಿಗೇ ಇನ್ನೊಂದು ಡಬ್ಬಿ ಬಂತು, ತಣ್ಣಗಿನದು. ಅದರಲ್ಲಿ ಔಷಧಿಯ ಸೀಸೆಗಳು. ಅದು ಕಚ್ಚಿದರೆ ಆ ಔಷಧಿಯೊಂದೇ ಗತಿ, ಊರಿನ ಯಾವ ಆಸ್ಪತ್ರೆಯಲ್ಲೂ ಇಲ್ಲ ಎಂದು ಧಣಿ ಜಂಬದಿಂದ ಹೇಳಿಕೊಂಡಿದ್ದ. ಆಫೀಸು ಕೋಣೆಯ ಫ್ರಿಜ್ಜಿನಲ್ಲಿ, ಸಾರಾಯಿ ಬಾಟಲಿಗಳ ಪಕ್ಕ ಅವನ್ನಿಟ್ಟು ಬೀಗ ಹಾಕಿದ. ಅಣ್ಣ ಹಲ್ಲು ಗಿಂಜುತ್ತ, ನಮಗೂ ಸೇರಿ ತಾನೇ ಧಣಿ, ಎಂದು ಕೇಳಿದ್ದಕ್ಕೆ ಧಣಿ ಅವನ ಬೆನ್ನು ತಟ್ಟಿದ.

“ನಿನಗ್ಯಾಕೋ? ನಿಮ್ಮ ರಕ್ತದಲ್ಲೇ ವಿಷ ಇದೆ. ನಿನ್ನ ಕಚ್ಚಿದ್ರೆ ಹಾವೇ ಸಾಯುತ್ತೆ.”

ಆಮೇಲೆ ಬಂದ ಗೆಳೆಯರ ಮುಂದೆಲ್ಲ ಅಣ್ಣನನ್ನು ಕರೆದು ಬಲಗೈ ಎತ್ತಿಸುತ್ತಿದ್ದ. ಹಿಂದೆ ಒಂದು ಹಾವಿನ ದೆಸೆಯಿಂದ ಕೊಳೆತು ಕತ್ತರಿಸಿದ ಬೆರಳಿನ ಮೋಟು ಅದರಲ್ಲಿತ್ತು. ಅವರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅಣ್ಣ ನಗುತ್ತಿದ್ದ. ಆ ನಗು ನೋಡಲಾರದೆ ನಾನು ಕೊಟ್ಟಿಗೆಗೆ ಹೋಗಿ ಇಲಿಗಳ ಹೊಟ್ಟು ಬದಲಾಯಿಸುತ್ತಿದ್ದೆ.

ಅಮ್ಮಾವರಿಗೆ ನಾನು ಹೊಸ್ತಿಲಿನಿಂದಲೇ ಹೇಳಿದೆ. ಚಿಂದಿ ಇದ್ದರೆ ಒಳಗೆ ಹಾವಿದೆ ಎಂದು ಗುರುತು, ಬಿಚ್ಚಿದರೆ ಅಣ್ಣ ಖಾಲಿ ಎಂದುಕೊಂಡು ಕೈ ಹಾಕುತ್ತಾನೆ ಎಂದೆ. ಆಕೆ ಗಾಜಿನೊಳಗೆ ಇಣುಕಿ, ಏನೂ ಕಾಣಿಸುತ್ತಿಲ್ಲವಲ್ಲ, ನಿನ್ನ ಪುರಾಣ ಬೇಡ, ವಾಸನೆ ಹೊಡೀತಿದೀಯ, ಆಚೆ ನಿಲ್ಲು ಎಂದಳು. ಅತ್ತಿಗೆಯೂ ಬಾಯಿ ತೆರೆದಳು. ಸೌದೆಗೆ ಬಾಯಿ ಬಂದ ಹಾಗೆ ಆಕೆ ಅತ್ತಿಗೆಯನ್ನು ನೋಡಿದಳು. ಮಿಕ್ಕ ಚಿಂದಿಗಳು ಮೂಲೆಯಲ್ಲಿವೆ, ಹಾಳಾಗಿ ಹೋಗಲಿ, ಇದೊಂದು ಎದುರಿಗೇ ರಾಚುತ್ತದೆ, ಬಿಚ್ಚು, ಎಂದಳು. ಅತ್ತಿಗೆ ಬಿಚ್ಚಿದಳು. ಬಿಚ್ಚದೆ ಇನ್ನೇನು ಮಾಡುತ್ತಾಳೆ? ಕೂಡಲೇ ಆಕೆ ಅಡುಗೆಮನೆಯಲ್ಲಿ ತಟ್ಟೆ ಒರೆಸಲು ಅವಳನ್ನು ಅಟ್ಟಿಕೊಂಡೇ ಹೋದಳು.

ಒಳಗೆ ಹೋಗಿ ಮತ್ತೆ ಕಟ್ಟುವ ಧೈರ್ಯವಿಲ್ಲದೆ ನಾನು ಬಕೆಟ್ಟು ಬಿಸಾಕಿ ಅಣ್ಣನನ್ನು ಹುಡುಕಿ ಓಡಿದೆ. ಬೆಳಗಿನಿಂದ ಅವನನ್ನು ಮುಂದಿನ ಹುಲ್ಲಿನ ಮೇಲೆ ಕುರ್ಚಿ ಹಾಕಲು ಹಚ್ಚಿದ್ದರು. ಬಂಗಲೆಯ ಪಕ್ಕದ ಓಣಿಯಲ್ಲಿ ಕಾವಲುಗಾರ ನನ್ನನ್ನು ತಡೆದ. ಇಲಿ ಕೊಟ್ಟಿಗೆಯವರು ಇವತ್ತು ಮುಂದಕ್ಕೆ ಬರಕೂಡದು, ಧಣಿಯ ಅಪ್ಪಣೆ ಎಂದ. ಒಳ್ಳೆಯವನೇ, ನಮ್ಮಂಥವನೇ. ಅವನ ಗಡ್ಡ ಹಿಡಿದು ಬೇಡಿಕೊಂಡರೂ ಕೇಳಲಿಲ್ಲ. ಅಣ್ಣನನ್ನು ಕೂಗಿ ಕರೆ ಎಂದರೆ, ಆಗಲೇ ಅಮ್ಮಾವರು ಅವನನ್ನು ಒಳಬಾಗಿಲಿನಿಂದ ಕರೆಸಿಕೊಂಡರಲ್ಲ, ಖಾಲಿ ಪೆಟ್ಟಿಗೆಯಲ್ಲಿ ಏನೋ ಹೂವಿನ ಕೊಂಬೆ ಇಡಬೇಕಂತೆ, ಎಂದ.

ನಾನು ತಿರುಗಿ ಓಡಿದೆ.

ಅಣ್ಣ ಹಾವಿನ ಕೋಣೆಯ ನೆಲದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಹೂವಿನ ಕೊಂಬೆ ಬಿದ್ದಿತ್ತು. ನಡುಗೋಡೆಯ ಪೆಟ್ಟಿಗೆಯ ಗಾಜು ಮುಚ್ಚಿತ್ತು, ಚಿಲಕವೂ ಹಾಕಿತ್ತು. ಕಚ್ಚಿಸಿಕೊಂಡ ಮೇಲೂ ಅವನು ಮೊದಲು ಮಾಡಿದ ಕೆಲಸ ಅದು. ಮೊಣಕೈ ಕೆಳಗೆ ಎರಡು ಕಡೆ ರಕ್ತದ ಚುಕ್ಕೆ. ಇಷ್ಟೇನಾ ಅನ್ನಿಸುವಷ್ಟು ಚಿಕ್ಕದು.

“ಪರದೇಶಿ ಕಣೆ,” ಎಂದ. “ಖಾಲಿ ಅಂದ್ರು. ಹೋಗು, ಸೀಸೆ ಕೇಳು. ಬೇಗ ಕೇಳು.”

ಕೇಳುವ ಅಗತ್ಯ ಬೀಳಲಿಲ್ಲ, ಧಣಿ ತಾನಾಗಿಯೇ ಬಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದವನು ಮೊದಲು ಪೆಟ್ಟಿಗೆಯ ಗಾಜಿಗೆ ಮುಖ ಇಟ್ಟು ನೋಡಿದ. ಹಾವಿಗೆ ಏಟು ಬಿತ್ತೇನೋ ಎಂದು ಕೇಳಿದ. ಇಲ್ಲ ಧಣಿ, ಗೂಡೊಳಗೆ ಹೋಯ್ತು, ಎಂದು ಅಣ್ಣ ಹೇಳಿದ. ನಾನು ಕಾಲು ಹಿಡಿದುಕೊಂಡೆ. ಅತ್ತಿಗೆ ಒದ್ದೆ ಕೈಯಲ್ಲಿ ಓಡಿ ಬಂದು ಇನ್ನೊಂದು ಕಾಲು ಹಿಡಿದಳು. ಧಣಿ ಕಾಲು ಕೊಡವಿಕೊಂಡು ಡ್ರೈವರನನ್ನು ಕೂಗಿ, ಸಾಮಾನಿನ ವ್ಯಾನು ತೆಗಿ ಎಂದ. ಕಾರು ಬೇಡ, ವಾಂತಿ ಮಾಡಿಕೊಳ್ಳುತ್ತಾನೆ ಎಂದ. ಆಸ್ಪತ್ರೆಯಲ್ಲಿ ಚರಂಡಿ ಹತ್ತಿರ ಯಾವುದೋ ಹಾವು ಕಚ್ಚಿತು ಎಂದು ಹೇಳಬೇಕು, ಇಲ್ಲಿಯ ಮಾತು ಬಾಯಿಗೆ ಬಂದರೆ ಮೂವರನ್ನೂ ಬೀದಿಗೆ ಎಸೆಯುತ್ತೇನೆ ಎಂದ. ಸೀಸೆ ಧಣಿ, ಸೀಸೆ, ಎಂದು ಅತ್ತಿಗೆ ಬಡಬಡಿಸಿದಳು.

“ಅದು ನನ್ನ ಮನೆಯವರಿಗೆ. ನಾಳೆ ನನ್ನೇ ಕಚ್ಚಿದ್ರೆ ಏನು, ನಿನ್ನ ಮೊಲೆಹಾಲು ಕುಡಿದು ಬದುಕಲಾ? ಏಳೇ, ಬೋಳಿ.”

ಧಣಿಯ ಬಾಯಿಂದ ಇಂಥ ಮಾತು ಕೇಳಿದ್ದು ಮೊದಲಲ್ಲ. ಆದರೆ ಅಣ್ಣ ಕೇಳುತ್ತಿದ್ದಾಗ ಅತ್ತಿಗೆಗೆ ಅಂದದ್ದು ಮೊದಲು. ಅಣ್ಣ ಏಳಲು ನೋಡಿದ, ಕಾಲು ಅವನ ಮಾತು ಕೇಳಲಿಲ್ಲ.

ವ್ಯಾನಿನಲ್ಲಿ ಅಣ್ಣನ ತಲೆ ಅತ್ತಿಗೆಯ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ತುಟಿ ಜುಮುಗುಡುತ್ತಿದೆ ಎಂದ. ರೆಪ್ಪೆಗಳು ನಿದ್ದೆ ಬಂದವನ ಹಾಗೆ ಇಳಿಯುತ್ತಿದ್ದವು. ಸ್ವಲ್ಪ ಹೊತ್ತಿಗೆ, ನೀವಿಬ್ಬರೂ ಎರಡೆರಡಾಗಿ ಕಾಣುತ್ತಿದ್ದೀರಿ, ಇಬ್ಬರನ್ನು ಸಾಕುವುದೇ ಕಷ್ಟವಾಗಿತ್ತು, ಈಗ ನಾಲ್ವರಾದಿರಿ, ಎಂದು ನಕ್ಕ. ನಾವೂ ನಕ್ಕೆವು. ಆಮೇಲೆ ಅವನ ನಾಲಿಗೆ ದಪ್ಪಗಾಗಿ ಮಾತು ಕಲಸಿಹೋಯಿತು. ಜೊಲ್ಲು ಇಳಿಯತೊಡಗಿತು. ಆಮೇಲೆ ಅವನು ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಓಡೋಡಿ ಬಂದು ಗಂಟಲಿಗೆ ಕೊಳವೆ ಇಳಿಸಿದಳು, ಅದರ ತುದಿಗೆ ರಬ್ಬರಿನ ಗಾಳಿಚೀಲ ಸಿಕ್ಕಿಸಿದಳು. ಉಸಿರಾಡಿಸುವ ಯಂತ್ರಗಳೆಲ್ಲ ಬೇರೆ ರೋಗಿಗಳ ಬಳಿ ಇದ್ದವು. ಒಂದು ಬಿಡುವಾಗುವ ತನಕ ಈ ಚೀಲವನ್ನು ಕೈಯಲ್ಲಿ ಒತ್ತುತ್ತಿರಬೇಕು, ನಿಮ್ಮ ಉಸಿರಿನ ಜೊತೆಜೊತೆಗೆ ಒತ್ತಿ, ನಿಲ್ಲಿಸಿದರೆ ಅವರ ಉಸಿರೂ ನಿಲ್ಲುತ್ತದೆ, ಎಂದಳು. ಅತ್ತಿಗೆ ಎರಡೂ ಕೈಯಲ್ಲಿ ಚೀಲ ಹಿಡಿದು ಒತ್ತತೊಡಗಿದಳು. ಅವಳ ತುಟಿ ಅಲುಗುತ್ತಿತ್ತು. ದೇವರನ್ನು ಕರೆಯುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ, ಒಳಗೆ, ಹೊರಗೆ, ಒಳಗೆ, ಹೊರಗೆ, ಎನ್ನುತ್ತಿದ್ದಳು.

ಡ್ರೈವರು ಧಣಿ ಕಲಿಸಿದ್ದನ್ನು ಗಿಳಿಯ ಹಾಗೆ ಒಪ್ಪಿಸಿದ. ಚರಂಡಿ, ಕತ್ತಲು, ಯಾವುದೋ ಹಾವು. ನಟ್ಟನಡು ಹಗಲಲ್ಲಿ ಕತ್ತಲೆಲ್ಲಿಂದ ಬಂತೋ ಹಲ್ಕಾ, ಎಂದು ನಾನು ಎಲ್ಲರೆದುರೂ ಕೇಳಿದೆ. ಡಾಕ್ಟರಮ್ಮನಿಗೆ ನಿಜ ಹೇಳಿದೆ. ಬಂಗಲೆ, ಗಾಜಿನ ಪೆಟ್ಟಿಗೆ, ಬೂದಿ ಬಣ್ಣ, ಕರೀ ಬಾಯಿ, ಫ್ರಿಜ್ಜಿನ ಸೀಸೆ, ಎಲ್ಲ. ಇವಳಿಗೆ ತಲೆ ಕೆಟ್ಟಿದೆ ಎಂದು ಡ್ರೈವರು ನೆಲ ನೋಡುತ್ತ ಹೇಳಿದ. ಡಾಕ್ಟರಮ್ಮ ಅಲ್ಲಿಂದಲೇ ಧಣಿಗೆ ಫೋನು ಮಾಡಿದಳು. ನಮ್ಮ ಮನೆಯಲ್ಲಿ ಮೀನು ಸಾಕಿದ್ದೇವೆ, ಹಾವು ಯಾಕೆ ಸಾಕೋಣ, ಎಂದು ಅವನು ನಗುತ್ತ ಹೇಳಿದ್ದು ನನಗೂ ಕೇಳಿಸಿತು.

ಫೋನು ಇಟ್ಟು ಆಕೆ ನನ್ನನ್ನು ಮೂಲೆಗೆ ಕರೆದಳು. ನಿನ್ನ ಮಾತು ನಂಬುತ್ತೇನೆ, ಹೀಗೆ ಬೇಗ ಬೇಗ ಮೈ ಸೋಲುವುದು ಇಲ್ಲಿನ ಹಾವಿನ ಲಕ್ಷಣವಲ್ಲ, ನಮ್ಮಲ್ಲಿರುವ ಔಷಧಿ ಇದಕ್ಕೆ ನಾಟುವುದಿಲ್ಲ, ಎಂದಳು. ಪೊಲೀಸಿಗೆ ಹೇಳುತ್ತೇನೆ, ಆದರೆ ಅವರು ಹೋಗಿ ಕೇಳಿ ತರುವ ತನಕ ಇವರ ಹೃದಯ ತಡೆಯುತ್ತದೆ ಎಂದು ಹೇಳಲಾರೆ, ಎಂದಳು. ಆಮೇಲೆ ದನಿ ಇನ್ನೂ ತಗ್ಗಿಸಿ, ಮೈ ಅಲ್ಲಾಡದಿದ್ದರೂ ಅವರಿಗೆ ನಿಮ್ಮ ಮಾತೆಲ್ಲ ಕೇಳಿಸುತ್ತಿರುತ್ತದೆ, ಹೆದರಿಸುವಂಥದ್ದು ಏನೂ ಅನ್ನಬೇಡಿ, ಎಂದಳು.

ನಾನು ಹೋಗಿ ಅಣ್ಣನ ಒಂದು ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿದೆ. ಕಣ್ಣು ನನ್ನನ್ನೇ ನೋಡಿತು. ಹಾವಿನ ಪೆಟ್ಟಿಗೆಗೆ ಹಾಡು ಹೇಳುತ್ತ ಕೈ ಹಾಕುತ್ತಿದ್ದವನು ನನ್ನ ಅಣ್ಣ. ಆ ಕಣ್ಣಿನಲ್ಲಿ ಅಷ್ಟು ಹೆದರಿಕೆ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹೆದರಿಕೆಯೆಲ್ಲ ಅವನಿಗೆ ಹೋಗಿಬಿಟ್ಟಿದೆ ಅನ್ನಿಸಿತು. ತರ್ತೀನಿ ಕಣಣ್ಣ, ಎಂದು ಹೇಳಿ ರೆಪ್ಪೆ ಇಳಿಸಿದೆ.

ಡ್ರೈವರು ವ್ಯಾನು ತೆಗೆದುಕೊಂಡು ಓಡಿಹೋಗಿದ್ದ. ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹಿಂದಕ್ಕೆ ಹೋದಳು.

ಬಂಗಲೆಯ ಅಡುಗೆಮನೆ ಬಾಗಿಲಿಗೆ ಬಂದು ಧಣಿಯನ್ನು ಕರೆಸಿದೆ. ಅಷ್ಟೊತ್ತಿಗೆ ಮುಂದೆ ಹುಲ್ಲಿನ ಮೇಲೆ ದೊಡ್ಡವರೆಲ್ಲ ಊಟಕ್ಕೆ ಕೂತಿದ್ದರು, ನಗು ಕೇಳುತ್ತಿತ್ತು. ಧಣಿ ಬಾಯಿ ಒರೆಸಿಕೊಳ್ಳುತ್ತ ಬಂದ. ಅವನ ಹಿಂದೆಯೇ, ಹಾವಿನ ಕೋಣೆಯ ಕಡೆಯಿಂದ, ಸಾಹೇಬರು ಬಂದರು. ಕಾಡುಪ್ರಾಣಿ ಸಾಕುವವರನ್ನು ಹಿಡಿಯಬೇಕಾದ ಇಲಾಖೆಯ ದೊಡ್ಡ ಅಧಿಕಾರಿ ಅವರು. ಪತ್ರಿಕೆಯಲ್ಲಿ ಅವರ ಫೋಟೊ ಬಂದಿದ್ದನ್ನು ಅಣ್ಣ ತೋರಿಸಿದ್ದ. ನನಗೆ ಜೀವ ಬಂದಂತಾಯಿತು. ಧಣಿಯನ್ನು ಬಿಟ್ಟು ಅವರ ಕಾಲಿಗೇ ಬಿದ್ದೆ. ಅಣ್ಣ ಸಾಯುತ್ತಿದ್ದಾನೆ, ಈ ಮನೆಯ ಹಾವು ಕಚ್ಚಿದೆ, ಔಷಧಿ ಈ ಮನೆಯಲ್ಲೇ ಇದೆ, ನೀವೊಂದು ಮಾತು ಹೇಳಿ, ಎಂದೆ.

“ಹಾವಾ?” ಎಂದರು ಸಾಹೇಬರು. ಅವರ ಕೈಯಲ್ಲಿ ತಿಂಡಿಯ ತಟ್ಟೆ ಇತ್ತು. “ನಾನೇನೂ ನೋಡ್ಲಿಲ್ಲಮ್ಮ.”

ಧಣಿ ನನ್ನ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ. ಬೈಯಲೂ ಇಲ್ಲ. ಬಂದವರ ಮುಂದೆ ಅಳಬೇಡ, ಆಗಬೇಕಾದ್ದು ಆಗುತ್ತೆ, ಹೋಗಿ ಇಲಿಗಳಿಗೆ ನೀರು ಹಾಕು, ಎಂದ. ಬಾಗಿಲು ಮುಚ್ಚಿತು.

ನಾನು ಕೊಟ್ಟಿಗೆಗೆ ಹೋದೆ. ಇಲಿಗಳಿಗೆ ನೀರನ್ನೂ ಹಾಕಿದೆ, ಯಾಕೆಂದು ನನಗೇ ಗೊತ್ತಿಲ್ಲ, ಕೈ ಅಭ್ಯಾಸ. ನೀರಿನ ಬಟ್ಟಲು ಇಡುವಾಗ ನನ್ನ ಕೈ ಎದೆಯ ಉಸಿರಿಗೆ ತಕ್ಕ ಹಾಗೆ ಮುಚ್ಚಿ ತೆರೆದು ಮಾಡುತ್ತಿತ್ತು. ಅಲ್ಲಿ ಅತ್ತಿಗೆಯ ಕೈ ಎಷ್ಟು ನೋಯುತ್ತಿದೆಯೋ. ಅವಳು ಒಂದು ಸಲ ಸೋತು ಕಣ್ಣು ಮುಚ್ಚಿದರೆ? ಅಲ್ಲಿಂದೆದ್ದು ಹಾವಿನ ಕೋಣೆಯ ಹೊಸ್ತಿಲಿಗೆ ಬಂದೆ. ಸಾಹೇಬರಿಗೆ ತೋರಿಸಿ ಬೀಗ ಹಾಕದೆ ಹೋಗಿದ್ದರು.

ಒಳಗೆ ಬಿಸಿ ಇತ್ತು. ದೀಪಗಳು ಉರಿಯುತ್ತಿದ್ದವು. ಮೂರು ಗೋಡೆಯಿಂದಲೂ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಗೂಡಿಗೆ ಒಂದು ಜಾರುಹಲಗೆ ಇರುತ್ತದೆ, ಕೋಲಿನಿಂದ ಅದನ್ನು ತಳ್ಳಿ ಮುಚ್ಚಿ, ಹಾವನ್ನು ಗೂಡಿನ ಸಮೇತ ಎತ್ತಿ ಹೊರಗಿಟ್ಟು, ಆಮೇಲೆ ಪೆಟ್ಟಿಗೆ ತೊಳೆಯುತ್ತಾರೆ. ಅಣ್ಣ ದಿನಾ ಮಾಡುತ್ತಿದ್ದುದನ್ನು ಹೊಸ್ತಿಲಿನಿಂದ ನೋಡಿದ್ದೆ. ನೋಡುವುದು ಬೇರೆ. ಗೋಡೆಗೆ ಒರಗಿಸಿದ್ದ ಅವನ ಕೋಲು ತೆಗೆದುಕೊಂಡೆ. ಹಿಡಿಯಲ್ಲಿ ಅವನ ಬೆವರಿನ ಕಪ್ಪು ಇತ್ತು. ಚಿಲಕ ತೆಗೆಯುವಷ್ಟರಲ್ಲೇ ತೊಡೆಯ ಮೇಲೆ ಬಿಸಿಯಾಗಿ ಇಳಿಯಿತು. ಇಳಿಯಲಿ ಎಂದುಕೊಂಡೆ.

ಗಾಜನ್ನು ಕೋಲು ತೂರುವಷ್ಟು ಮಾತ್ರ ಸರಿಸಿದೆ. ಗೂಡಿನ ಬಾಯಿ ಕತ್ತಲು. ಒಳಗಿದೆಯೋ, ಇಲ್ಲ ಪೆಟ್ಟಿಗೆಯೊಳಗಿನ ಒಣಕೊಂಬೆಯ ಮೇಲೆಲ್ಲೋ ಬೂದಿ ಬಣ್ಣವಾಗಿ ಮಲಗಿದೆಯೋ? ಕಣ್ಣು ಅರಳಿಸಿ ಹುಡುಕಿದೆ. ಗೂಡಿನ ಬಾಯಲ್ಲಿ ಕಿರುಬೆರಳಿನಷ್ಟು ಬಾಲ ಹೊರಗಿತ್ತು. ಈಗ ಹಲಗೆ ತಳ್ಳಿದರೆ ಬಾಲ ಸಿಕ್ಕಿಕೊಂಡು ಅದು ಹೊರಳಿ ಬರುತ್ತದೆ. ಬಿಟ್ಟರೆ ಹೊತ್ತು ಹೋಗುತ್ತದೆ. ಕೋಲು ಗಾಜಿಗೆ ಟಕಟಕ ಬಡಿಯುತ್ತಿತ್ತು. ಒಳಗೆ, ಹೊರಗೆ, ಎಂದು ನಾನೂ ಹೇಳಿಕೊಳ್ಳತೊಡಗಿದೆ. ಒಳಗೆ ಹೋಗೇ ತಾಯಿ, ನಿನ್ನನ್ನೂ ಗಂಟು ಕಟ್ಟಿ ತಂದವರು ಇವರೇ, ಒಳಗೆ ಹೋಗು, ಎಂದೆ. ಬಾಲ ಒಂದು ಸಲ ಅಲುಗಿತು, ಆಮೇಲೆ ಮೆಲ್ಲಗೆ ಒಳಗೆಳೆದುಕೊಂಡಿತು. ಹಲಗೆ ತಳ್ಳಿದೆ. ಅದು ಮುಚ್ಚಿದ ಸದ್ದಿಗೆ ಒಳಗಿನಿಂದ ಮರಕ್ಕೆ ಫಟ್ ಎಂದು ಏನೋ ಬಡಿಯಿತು.

ಗಾಜು ಪೂರ್ತಿ ತೆಗೆದು ಹಿಡಿ ಹಿಡಿದು ಗೂಡನ್ನು ಎತ್ತಿದೆ. ಹಗುರ. ಇಷ್ಟು ಹಗುರವಾದದ್ದಕ್ಕೆ ನಾವು ಮೂವರು ಇಷ್ಟು ಕಾಲ ನಡುಗಿದೆವಲ್ಲ ಅನ್ನಿಸಿತು. ಒಳಗೆ ಅದು ಸುರುಳಿ ಬದಲಾಯಿಸಿದಾಗಲೆಲ್ಲ ಭಾರ ಆಚೀಚೆ ಸರಿಯುತ್ತಿತ್ತು.

ಓಣಿಯಲ್ಲಿ ಕಾವಲುಗಾರ ಎದ್ದು ನಿಂತ. ಏನಕ್ಕ ಅದು ಎಂದ. ಪರದೇಶಿ ಎಂದೆ. ಅವನು ನನ್ನ ಮುಖ ನೋಡಿದ, ಒದ್ದೆ ಸೀರೆ ನೋಡಿದ, ಗೋಡೆಗೆ ಬೆನ್ನು ಹಚ್ಚಿ ನಿಂತು ದಾರಿ ಬಿಟ್ಟ.

ಹುಲ್ಲಿನ ಮೇಲೆ ಬಿಸಿಲು ಚೆನ್ನಾಗಿತ್ತು. ಬಿಳೀ ಬಟ್ಟೆ ಹಾಸಿದ ಉದ್ದ ಮೇಜು, ತಟ್ಟೆಗಳು, ಗಾಜಿನ ಲೋಟಗಳು. ನಾನು ನಡೆದು ಬಂದು ತಟ್ಟೆಗಳನ್ನು ಮೊಣಕೈಯಿಂದ ತಳ್ಳಿ ಗೂಡನ್ನು ಮೇಜಿನ ನಡುವೆ ಇಟ್ಟೆ. ಜಾರುಹಲಗೆಯ ಹಿಡಿಯ ಮೇಲೆ ಕೈ ಇಟ್ಟೆ. ಇದೂ ಆಟದ ಒಂದು ಭಾಗ ಎಂದುಕೊಂಡರು ಅವರು. ಒಬ್ಬಾಕೆ ಚಪ್ಪಾಳೆ ತಟ್ಟಿದಳು, ಇದೇನಾ ಹೊಸದು ಎಂದು ಕೇಳಿ ಫೋನು ಎತ್ತಿ ಹತ್ತಿರ ಬಂದಳು. ಆಮೇಲೆ ನನ್ನ ವಾಸನೆ ಬಡಿಯಿತೋ ಏನೋ, ನಿಂತಳು.

ಧಣಿ ಮಾತ್ರ ಗೂಡನ್ನು ಗುರುತಿಸಿದ. ಅವನ ಮುಖದ ನಗು ಹಾಗೆಯೇ ಇತ್ತು, ಬಣ್ಣ ಮಾತ್ರ ಇಳಿಯಿತು. ಇಲಿಯಮ್ಮ, ಅದರ ಮೇಲಿಂದ ಕೈ ತೆಗಿ, ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಅದೂ ನನ್ನ ಹೆಸರಲ್ಲ.

“ಸೀಸೆ ತನ್ನಿ,” ಎಂದೆ. “ಎಲ್ಲಾನೂ. ಇಲ್ಲೇ ಕೊಡಿ, ಕಾರಲ್ಲಿ ಆಸ್ಪತ್ರೆಗೆ ಬಿಡಿಸಿ. ಇಲ್ಲ ಅಂದ್ರೆ ಇದನ್ನ ತೆಗೀತೀನಿ.”

ಕುರ್ಚಿಗಳು ಹಿಂದಕ್ಕೆ ಸರಿದವು. ಅಮ್ಮಾವರು ಏನೋ ಕಿರುಚಿದರು. ಯಾರೂ ಕದಲಬೇಡಿ, ಇವಳು ತೆಗೆಯುವುದಿಲ್ಲ, ಎಂದು ಧಣಿ ಎಲ್ಲರಿಗೂ ಹೇಳಿದ. ಅವನ ದನಿ ಗಟ್ಟಿಯಾಗತೊಡಗಿತು. ಈ ಮುಂಡೆ ಪೊರೆ ಕಂಡರೇ ಉಚ್ಚೆ ಹೊಯ್ಯುವವಳು, ನೋಡಿ, ಈಗಲೂ ಹೊಯ್ದುಕೊಂಡಿದ್ದಾಳೆ ನೋಡಿ, ಎಂದು ನನ್ನ ಸೀರೆ ತೋರಿಸಿದ. ಒಂದಿಬ್ಬರು ನೋಡಿದರು. ಒಬ್ಬ ನಕ್ಕೂ ಬಿಟ್ಟ.

ಅವನು ಹೇಳಿದ್ದು ನಿಜವೇ. ನನ್ನಷ್ಟು ಹೆದರಿದವರು ಆ ಹುಲ್ಲಿನ ಮೇಲೆ ಯಾರೂ ಇರಲಿಲ್ಲ. ಅಣ್ಣನ ಕಣ್ಣು ನೆನಪಾಯಿತು. ಹಲಗೆಯನ್ನು ಒಂದು ಬೆರಳಗಲ ಸರಿಸಿದೆ. ಬಿರುಕಿಗೆ ನನ್ನ ಹೆಬ್ಬೆರಳೇ ಹತ್ತಿರವಿತ್ತು.

ಯಾರೂ ನಗಲಿಲ್ಲ. ಬಿರುಕಿನಲ್ಲಿ ಕಪ್ಪು ದಾರದಂಥ ನಾಲಿಗೆ ಹೊರಬಂದು, ಗಾಳಿ ಮುಟ್ಟಿ, ಒಳಗೆ ಹೋಯಿತು. ಮತ್ತೆ ಬಂದು ನನ್ನ ಉಗುರನ್ನು ಮುಟ್ಟಿತು. ಕೈ ತೆಗೆಯಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು.

“ಕೊಟ್ಬಿಡಯ್ಯ ಅತ್ಲಾಗೆ,” ಎಂದರು ಸಾಹೇಬರು, ಕುರ್ಚಿಯ ಹಿಂದೆ ನಿಂತು. ಈಗ ಅವರಿಗೂ ಹಾವು ಕಂಡಿತ್ತು.

ಧಣಿ ನನ್ನನ್ನು ನೋಡಿದ, ಬಂದವರನ್ನು ನೋಡಿದ, ಬಂಗಲೆಯೊಳಗೆ ಹೋದ. ಅವನು ಆಫೀಸು ಕೋಣೆಗೇ ಹೋಗಿರಬೇಕು. ಫ್ರಿಜ್ಜು ಇರುವುದು ಅಲ್ಲೇ. ಅವನ ಬಂದೂಕು ಇರುವುದೂ ಅಲ್ಲೇ.

ಊರಿನ ಆ ತುದಿಯಲ್ಲಿ ಅತ್ತಿಗೆ ಒತ್ತುತ್ತಿರುತ್ತಾಳೆ. ಒಳಗೆ, ಹೊರಗೆ. ನಾನು ಅವಳ ಜೊತೆಗೇ ಉಸಿರು ಎಳೆದೆ, ಬಿಟ್ಟೆ.

ಬಾಗಿಲಲ್ಲಿ ಧಣಿ ಕಾಣಿಸಿಕೊಂಡ. ಅವನ ಕೈ ಬೆನ್ನ ಹಿಂದೆ ಇತ್ತು. ಕೈ ಮುಂದೆ ತಾ ಎಂದೆ. ಅವನು ತರಲಿಲ್ಲ. ನಾನು ಹಲಗೆಯನ್ನು ಇನ್ನೊಂದು ಬೆರಳಗಲ ಸರಿಸಿದೆ.